ಹುಲ್ಲು, ಹಸು, ಸರೋವರ: ಬೋಹಿನ್ ಸೀಮೆಯಲ್ಲಿ ಕಾಲ್ನಡಿಗೆಯ ಪ್ರವಾಸ

ಗುಡಿ ಗೋಪುರ ನೋಡಲು ಜನ ಪ್ರವಾಸ ಹೋಗುವುದುಂಟು. ಅರಮನೆ, ಅಣೆಕಟ್ಟು, ಸಮುದ್ರ ನೋಡಲು ಹೋಗುವುದೂ ಉಂಟು. ಆದರೆ ಕೊಯ್ದು ಒಣಗಲು ಹಾಕಿದ ಹುಲ್ಲನ್ನೂ, ಬೆಟ್ಟದ ಮೇಲೆ ಮೇಯುವ ಹಸುಗಳನ್ನೂ, ದನಗಾಹಿಯ ಗುಡಿಸಲನ್ನೂ ನೋಡಲು ಕಾಸು ಖರ್ಚುಮಾಡಿ ದೂರದಿಂದ ಬರುವವರಿದ್ದಾರೆ ಎಂದರೆ ನಮ್ಮ ರೈತರು ನಕ್ಕಾರು. ಅಂಥ ಸೀಮೆಯೊಂದು ಯುರೋಪಿನ ಸ್ಲೊವೇನಿಯ ದೇಶದಲ್ಲಿದೆ. ಅದರ ಹೆಸರು ಬೋಹಿನ್. ಬೆಟ್ಟಗಳ ನಡುವೆ ಒಂದು ಸರೋವರ, ಅದರ ಆಚೀಚೆಯ ಕಣಿವೆಯಲ್ಲಿ ಎರಡು ಡಜನ್ನಿನಷ್ಟು ಹಳ್ಳಿಗಳು. ಎಲ್ಲ ಸೇರಿ ಜನಸಂಖ್ಯೆ ಐದು ಸಾವಿರದ ಆಸುಪಾಸು; ನಮ್ಮಲ್ಲಿನ ಒಂದು ದೊಡ್ಡ ಗ್ರಾಮದಷ್ಟು, ಅಷ್ಟೆ.

ಇಲ್ಲಿಗೆ ಬರುವ ಅತಿಥಿಗಳಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ: ನಡೆಯುವುದು. ಅವಸರವಿಲ್ಲದೆ ಒಂದು ಹಳ್ಳಿಯಿಂದ ಮತ್ತೊಂದು ಹಳ್ಳಿಗೆ, ಸರೋವರದ ಸುತ್ತ, ಹಳ್ಳದ ದಂಡೆಯ ಮೇಲೆ, ಶಕ್ತಿಯಿದ್ದವರು ಬೆಟ್ಟದ ಹಟ್ಟಿಗಳವರೆಗೆ. ಹೋದಲ್ಲೆಲ್ಲ ಕಣ್ಣಿಗೆ ಬೀಳುವುದು ಅಲ್ಲಿನ ರೈತ ತಲೆತಲಾಂತರದಿಂದ ಮಾಡುತ್ತ ಬಂದ ಕೆಲಸ. ಅವನು ಆ ಕೆಲಸ ಬಿಟ್ಟರೆ ನೋಡಲು ಏನು ಉಳಿದೀತು ಎಂಬ ಪ್ರಶ್ನೆ ಬೋಹಿನ್ ಸೀಮೆಯನ್ನು ಕೆಲವು ದಶಕಗಳಿಂದ ಕಾಡುತ್ತಿದೆ.

ಎಲ್ಲಿದೆ ಈ ಸೀಮೆ?

ಸ್ಲೊವೇನಿಯ ಪುಟ್ಟ ದೇಶ. ವಿಸ್ತೀರ್ಣದಲ್ಲಿ ಕರ್ನಾಟಕದ ಸುಮಾರು ಹತ್ತನೆಯ ಒಂದು ಪಾಲು. ಜನಸಂಖ್ಯೆ 21 ಲಕ್ಷದಷ್ಟು. ಪಶ್ಚಿಮಕ್ಕೆ ಇಟಲಿ, ಉತ್ತರಕ್ಕೆ ಆಸ್ಟ್ರಿಯ. 1991ರವರೆಗೆ ಇದು ಯುಗೊಸ್ಲಾವಿಯದ ಭಾಗವಾಗಿತ್ತು. ನೆಹರೂ ಮತ್ತು ಟಿಟೊ ಕಾಲದ ಸುದ್ದಿ ಓದಿದ ಹಿರಿಯರಿಗೆ ಆ ಹೆಸರು ನೆನಪಿರುತ್ತದೆ. ದೇಶದ ವಾಯವ್ಯ ಮೂಲೆಯಲ್ಲಿ ಆಲ್ಪ್ಸ್ ಪರ್ವತಗಳ ಒಂದು ಕವಲು ಬಂದು ಸೇರುತ್ತದೆ. ಅಲ್ಲಿನ ಅತಿ ಎತ್ತರದ ಶಿಖರ ತ್ರಿಗ್ಲಾವ್, 2,864 ಮೀಟರ್. ಹೆಸರಿನ ಅರ್ಥ ಮೂರು ತಲೆ. ಅವರ ಭಾಷೆಯಲ್ಲೂ ಮೂರಕ್ಕೆ ‘ತ್ರಿ’ ಎಂದೇ ಅನ್ನುತ್ತಾರೆ. ದೇಶದ ಲಾಂಛನದಲ್ಲಿ ಇರುವುದೂ ಇದೇ ಶಿಖರ.

ಈ ಶಿಖರದ ದಕ್ಷಿಣ ಮಗ್ಗುಲಿನ ತಗ್ಗಿನಲ್ಲಿ ಬೋಹಿನ್ ಸರೋವರವಿದೆ. ಬಹು ಹಿಂದೆ ಇಲ್ಲಿ ಹಿಮದ ನದಿಯೊಂದು ಹರಿದು ಕಣಿವೆಯನ್ನು ಕೊರೆದು, ಕರಗುವಾಗ ತಾನು ಹೊತ್ತು ತಂದ ಕಲ್ಲುಮಣ್ಣಿನ ದಿಬ್ಬವನ್ನು ಅಡ್ಡಲಾಗಿ ಬಿಟ್ಟುಹೋಯಿತು. ಆ ದಿಬ್ಬವೇ ಏರಿಯಾಗಿ ನೀರು ನಿಂತಿತು. ಮನುಷ್ಯ ಕಟ್ಟದ ಕೆರೆ ಎನ್ನಬೇಕು. ಉದ್ದ ನಾಲ್ಕು ಕಿಲೋಮೀಟರಿಗೆ ತುಸು ಹೆಚ್ಚು, ಅಗಲ ಒಂದು ಕಿಲೋಮೀಟರ್, ಅತಿ ಆಳವಾದ ಕಡೆ 45 ಮೀಟರ್. ಸಮುದ್ರಮಟ್ಟದಿಂದ ಸುಮಾರು 525 ಮೀಟರ್ ಎತ್ತರ. ಅಂದರೆ ನಮ್ಮ ಬೆಂಗಳೂರಿಗಿಂತಲೂ ತಗ್ಗು. ಆದರೆ ಸುತ್ತಲಿನ ಗೋಡೆಯಂಥ ಬೆಟ್ಟಗಳು, ಚಳಿಗಾಲದ ಹಿಮ, ವಿಪರೀತ ಮಳೆ ಇವುಗಳಿಂದಾಗಿ ಇದು ಪಕ್ಕಾ ಮಲೆಸೀಮೆಯೇ. ಮೇಲಿನ ಬೆಟ್ಟಗಳಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ-ಹಿಮ ಬೀಳುತ್ತದೆ. ಈ ಮಳೆಯ ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನೋಡುವ ಎಷ್ಟೋ ಸಂಗತಿಗಳಿಗೆ ಅದೇ ಕಾರಣ.

ಹುಲ್ಲಿಗೊಂದು ಮನೆ

ಸರೋವರದ ಪೂರ್ವ ತುದಿಯಲ್ಲಿ ರಿಬ್ಚೆವ್ ಲಾಜ್ ಎಂಬ ಊರು. ಕಲ್ಲಿನ ಸೇತುವೆ, ಅದರ ಪಕ್ಕದಲ್ಲಿ ಸಂತ ಯೋಹಾನನ ಹಳೆಯ ಚರ್ಚು. ಚರ್ಚಿಗೆ ಸುಮಾರು 700 ವರ್ಷದ ಇತಿಹಾಸವಿದೆ. ಒಳಗೋಡೆಗಳ ತುಂಬ ಹಳೆಯ ಚಿತ್ರಗಳಿವೆ. ಊರಿನಲ್ಲಿ ನಾಲ್ವರ ಪ್ರತಿಮೆಯೊಂದು ಬೆಟ್ಟದತ್ತ ಮುಖಮಾಡಿ ನಿಂತಿದೆ. 1778ರ ಆಗಸ್ಟಿನಲ್ಲಿ ಮೊದಲ ಬಾರಿಗೆ ತ್ರಿಗ್ಲಾವ್ ಶಿಖರ ಮುಟ್ಟಿದವರು ಇವರು. ಒಬ್ಬ ವೈದ್ಯ, ಉಳಿದ ಮೂವರು ಇದೇ ಸೀಮೆಯ ಬೇಟೆ, ಗಣಿ ಕೆಲಸಗಳ ಜನ.

ಇಲ್ಲಿಂದ ಗದ್ದೆಬಯಲಿನಂಥ ಸಮತಟ್ಟಾದ ದಾರಿಯಲ್ಲಿ ಸ್ವಲ್ಪ ನಡೆದರೆ ಸ್ತಾರಾ ಫುಜಿನಾ ಎಂಬ ಹಳ್ಳಿ ಸಿಗುತ್ತದೆ. ಹೆಸರಿಗೆ ‘ಹಳೆಯ ಕುಲುಮೆ’ ಎಂದರ್ಥ. ಒಂದು ಕಾಲಕ್ಕೆ ಇಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬೋಹಿನ್ ಸೀಮೆಯ ಕಬ್ಬಿಣದ ಉದ್ಯಮ ನಿಂತುಹೋಯಿತು. ಜನ ಮತ್ತೆ ದನವನ್ನೂ ಮರವನ್ನೂ ನೆಚ್ಚಿಕೊಂಡರು. ಮುಂದೆ ಅದೇ ದಾರಿಯಲ್ಲಿ ಅರ್ಧ ಗಂಟೆ ಸಾಗಿದರೆ ಸ್ತುದೋರ್. ಕಾಲ್ನಡಿಗೆಯವರು ಬೋಹಿನ್‌ಗೆ ಬಂದು ತಪ್ಪದೆ ನೋಡುವ ಹಳ್ಳಿ ಇದು.

ಸ್ತುದೋರಿನ ಹೊರಗೆ ಹೊಲದ ಅಂಚಿನಲ್ಲಿ ಮರದ ದೊಡ್ಡ ಚೌಕಟ್ಟುಗಳು ಸಾಲಾಗಿ ನಿಂತಿವೆ. ದೂರದಿಂದ ನೋಡಿದರೆ ಗೋಡೆ ಕಟ್ಟುವುದನ್ನು ಮರೆತ ಮನೆಗಳಂತೆ ಕಾಣುತ್ತವೆ. ದಪ್ಪ ಕಂಬಗಳು, ಕಂಬದಿಂದ ಕಂಬಕ್ಕೆ ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಅಡ್ಡಗಳುಗಳು, ಮೇಲೆ ಇಳಿಜಾರಿನ ಸೂರು. ಇದಕ್ಕೆ ಅವರು ಕೊಜೋಲೆಟ್ಸ್ ಎನ್ನುತ್ತಾರೆ. ನಾವು ಹುಲ್ಲಿನ ಅಟ್ಟ ಎನ್ನಬಹುದು. ಎರಡು ಸಾಲನ್ನು ಎದುರುಬದುರು ನಿಲ್ಲಿಸಿ ಒಂದೇ ಸೂರು ಹೊದಿಸಿದ ಜೋಡಿ ಅಟ್ಟಗಳೂ ಇವೆ. ಅವುಗಳ ಮಾಳಿಗೆಯಲ್ಲಿ ಒಣಗಿದ ಹುಲ್ಲು, ಕೆಳಗೆ ಬಂಡಿ, ನೇಗಿಲು ಇಡಲು ಜಾಗ.

ಇದರ ಉಪಯೋಗ ರೈತನಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಹುಲ್ಲು ಕೊಯ್ಯುವುದು ಮಳೆಗಾಲ ಮುಗಿದ ಮೇಲೆ. ಬಿಸಿಲಿಗೆ ಹರವಿದರೆ ಎರಡು ದಿನಕ್ಕೆ ಗರಿಗರಿಯಾಗಿ ಒಣಗಿ ಬಣವೆಗೆ ಸಿದ್ಧ. ಬೋಹಿನ್‌ನಲ್ಲಿ ಹುಲ್ಲು ಬಲಿಯುವ ಬೇಸಿಗೆಯಲ್ಲೇ ಮಳೆ. ನೆಲದ ಮೇಲೆ ಬಿಟ್ಟ ಹುಲ್ಲು ಮೂರು ದಿನಕ್ಕೆ ಕಪ್ಪಾಗಿ ಮುಗ್ಗಲು ಹಿಡಿಯುತ್ತದೆ. ಆದ್ದರಿಂದ ಅರೆ ಒಣಗಿದ ಹುಲ್ಲನ್ನು ಎತ್ತಿ ಗಳುಗಳ ಮೇಲೆ ಹೇರಿಬಿಡುತ್ತಾರೆ. ಮೇಲಿನಿಂದ ಸೂರು ಮಳೆ ತಡೆಯುತ್ತದೆ, ಎರಡು ಕಡೆಯಿಂದಲೂ ಗಾಳಿ ಆಡುತ್ತದೆ, ಕೆಳಗಿನ ತೇವ ತಾಗುವುದಿಲ್ಲ. ಒಣಗುವುದು ನಿಧಾನ, ಆದರೆ ಹಸಿರು ಬಣ್ಣವೂ ಎಲೆಯೂ ಉಳಿಯುತ್ತವೆ. ಎಲೆ ಉದುರಿದ ಹುಲ್ಲಿಗೂ ಎಲೆಯಿದ್ದ ಹುಲ್ಲಿಗೂ ಹಾಲಿನಲ್ಲಿ ಎಷ್ಟು ವ್ಯತ್ಯಾಸವೆಂಬುದು ಹಸು ಕಟ್ಟಿದ ಯಾರಿಗಾದರೂ ಗೊತ್ತು. ವರ್ಷದ ಸುಮಾರು ಅರ್ಧ ಭಾಗ ಹಸು ಕೊಟ್ಟಿಗೆಯಲ್ಲೇ ಇರುವ ಸೀಮೆ ಅದು. ಅಟ್ಟ ತುಂಬದಿದ್ದರೆ ಚಳಿಗಾಲದ ಕೊನೆಯಲ್ಲಿ ರಾಸು ಮಾರಬೇಕು.

ಸ್ತುದೋರಿನ ಅಟ್ಟಗಳು ಒಬ್ಬನವಲ್ಲ. ಬೇರೆ ಬೇರೆ ಮನೆಗಳವರು ತಮ್ಮ ತಮ್ಮ ಅಟ್ಟಗಳನ್ನು ಒಂದೇ ಕಡೆ ಗುಂಪಾಗಿ ಕಟ್ಟಿಕೊಂಡಿದ್ದಾರೆ. ಈ ಗುಂಪನ್ನು ಈಗ ಸಾಂಸ್ಕೃತಿಕ ಸ್ಮಾರಕವೆಂದು ರಕ್ಷಿಸಲಾಗಿದೆ. ಪ್ರವಾಸಿಗಳು ಅದರ ಮುಂದೆ ನಿಂತು ಫೋಟೊ ಹಿಡಿಯುತ್ತಾರೆ. ಹುಲ್ಲಿನ ಅಟ್ಟಕ್ಕೆ ಸ್ಮಾರಕದ ಪಟ್ಟ ಸಿಕ್ಕಿತೆಂದು ಸಂತೋಷಪಡಬೇಕೋ, ಅಟ್ಟ ಸ್ಮಾರಕವಾಗುವ ಕಾಲ ಬಂತಲ್ಲ ಎಂದು ಚಿಂತಿಸಬೇಕೋ ಹೇಳುವುದು ಕಷ್ಟ.

ಅದೇ ಹಳ್ಳಿಯಲ್ಲಿ ಓಪ್ಲೆನ್ ಮನೆ ಎಂಬ ಹಳೆಯ ರೈತರ ಮನೆಯೊಂದನ್ನು ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಮನೆ, ಕೊಟ್ಟಿಗೆ, ಹುಲ್ಲಿನ ಮಾಳಿಗೆ ಎಲ್ಲವೂ ಒಂದೇ ಸೂರಿನಡಿ. ಅಡಿಗೆಮನೆಯಲ್ಲಿ ಹೊಗೆಗೂಡು ಇಲ್ಲದೆ ಗೋಡೆಯೆಲ್ಲ ಮಸಿ. ಅದಕ್ಕೆ ‘ಕರಿ ಅಡಿಗೆಮನೆ’ ಎಂದೇ ಹೆಸರು. ನಮ್ಮ ಹಿರಿಯ ಹೆಂಗಸರು ನೋಡಿದರೆ ಇದರಲ್ಲಿ ನೋಡುವುದೇನಿದೆ ಎಂದು ಕೇಳಿಯಾರು.

ಸರೋವರಕ್ಕೆ ಪ್ರದಕ್ಷಿಣೆ

ಎರಡನೆಯ ದಿನಕ್ಕೆ ಸರೋವರದ ಸುತ್ತ ನಡೆಯುವುದು ವಾಡಿಕೆ. ಒಂದು ಸುತ್ತಿಗೆ ಹನ್ನೆರಡು ಕಿಲೋಮೀಟರಿನಷ್ಟು. ನಿಧಾನವಾಗಿ ಕೂತು ಎದ್ದು ಹೋದರೂ ನಾಲ್ಕು ಗಂಟೆಯ ದಾರಿ. ನಮ್ಮ ಪದ್ಧತಿಯಂತೆ ನೀರನ್ನು ಬಲಕ್ಕಿಟ್ಟುಕೊಂಡು ಹೊರಟರೆ ಮೊದಲು ಸಿಗುವುದು ದಕ್ಷಿಣ ದಂಡೆ. ಇಲ್ಲಿ ಮೋಟಾರು ರಸ್ತೆಯಿದೆ, ನಡುದಾರಿಯಲ್ಲಿ ಪವಿತ್ರಾತ್ಮನ ಹೆಸರಿನ ಚಿಕ್ಕ ಚರ್ಚಿದೆ. ಪಶ್ಚಿಮದ ತುದಿಯಲ್ಲಿ ಉಕಾಂಟ್ಸ್. ಹೆಸರಿನ ಅರ್ಥವೂ ‘ಕೊನೆಯಲ್ಲಿ’ ಎಂದೇ. ಕಣಿವೆ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ವೋಗೆಲ್ ಬೆಟ್ಟಕ್ಕೆ ತಂತಿಯ ಮೇಲಿನ ತೊಟ್ಟಿಲು ಇದೆ. 1964ರಿಂದ ನಡೆಯುತ್ತಿರುವ ಇದು ಜನರನ್ನು 1,535 ಮೀಟರ್ ಎತ್ತರಕ್ಕೆ ಒಯ್ಯುತ್ತದೆ.

ಉಕಾಂಟ್ಸ್‌ನಿಂದ ಒಂದು ಗಂಟೆ ಮೇಲಕ್ಕೆ ನಡೆದು, ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಸಾವಿತ್ಸಾ ಜಲಪಾತ. ಎತ್ತರ 78 ಮೀಟರ್. ಬಂಡೆಯ ಮೇಲಿನಿಂದ ಜಿಗಿಯುವುದಿಲ್ಲ. ಬಂಡೆಯ ಹೊಟ್ಟೆಯೊಳಗಿನಿಂದಲೇ ನೀರು ಹೊರಬಂದು ಬೀಳುತ್ತದೆ. ಸುಣ್ಣಕಲ್ಲಿನ ಬೆಟ್ಟವಾದ್ದರಿಂದ ಮೇಲೆ ಬಿದ್ದ ಮಳೆ ಒಳಗೇ ಇಂಗಿ ಸುರಂಗದಲ್ಲಿ ಹರಿದು ಇಲ್ಲಿ ಬಾಯಿ ತೆರೆಯುತ್ತದೆ. ಈ ಜಲಪಾತವನ್ನು ಹೆಸರಿನಲ್ಲಿಟ್ಟುಕೊಂಡು ಅವರ ರಾಷ್ಟ್ರಕವಿ ಫ್ರಾನ್ಸೆ ಪ್ರೆಶೆರೆನ್ 1836ರಲ್ಲಿ ದೊಡ್ಡ ಕಥನಕಾವ್ಯವೊಂದನ್ನು ಪ್ರಕಟಿಸಿದ. ಈ ನೀರು ಸರೋವರ ತುಂಬಿ, ಪೂರ್ವದ ಸೇತುವೆಯಡಿ ಹೊರಬಿದ್ದು, ಮುಂದೆ ಸಾವಾ ನದಿಯಾಗಿ ಬೆಲ್‌ಗ್ರೇಡ್ ನಗರದಲ್ಲಿ ಡ್ಯಾನ್ಯೂಬ್ ಸೇರುತ್ತದೆ.

ಉತ್ತರದ ದಂಡೆಯಲ್ಲಿ ರಸ್ತೆ ಇಲ್ಲ. ಬೀಚ್ ಮರಗಳ ಕಾಡಿನಲ್ಲಿ ಬೇರು ಕಲ್ಲುಗಳ ನಡುವೆ ಕಾಲುದಾರಿ ಮಾತ್ರ. ಪೆಟ್ರೋಲು ದೋಣಿಗಳಿಗೆ ಸರೋವರದಲ್ಲಿ ಅವಕಾಶವಿಲ್ಲವಾದ್ದರಿಂದ ಸದ್ದೂ ಇಲ್ಲ. ವಿದ್ಯುತ್ತಿನಿಂದ ಓಡುವ ಪ್ರವಾಸಿ ದೋಣಿ ಮಾತ್ರ ಉಂಟು. ಸರೋವರವೂ ಸುತ್ತಲಿನ ಬೆಟ್ಟಗಳೂ ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿವೆ. 1924ರಲ್ಲಿ ಬೆಟ್ಟದ ಒಂದು ಚಿಕ್ಕ ಕಣಿವೆಯಲ್ಲಿ ಆರಂಭವಾದ ರಕ್ಷಣೆ 1981ರಲ್ಲಿ ಈಗಿನ ವಿಸ್ತಾರಕ್ಕೆ, ಸುಮಾರು 840 ಚದರ ಕಿಲೋಮೀಟರಿಗೆ ಬಂತು. ಇದು ಜನರನ್ನು ಹೊರಗಟ್ಟಿ ಮಾಡಿದ ಉದ್ಯಾನವಲ್ಲ. ಒಳಗೆ ಹಳ್ಳಿಗಳಿವೆ, ಹಸು ಮೇಯುತ್ತವೆ. ಮನೆ ಕಟ್ಟುವುದಕ್ಕೆ ಮಾತ್ರ ನೂರೆಂಟು ನಿಯಮ.

ನಡೆಯಲು ಇನ್ನೂ ಒಂದು ದಿನವಿದ್ದರೆ ಸ್ತಾರಾ ಫುಜಿನಾದಿಂದ ಮೊಸ್ತ್ನಿತ್ಸಾ ಹಳ್ಳದ ಕೊರಕಲಿಗೆ ಹೋಗಬಹುದು. ಸೈತಾನನ ಸೇತುವೆ ಎಂಬ ಕಮಾನು ದಾಟಿ ಎರಡು ಕಿಲೋಮೀಟರ್. ಬಂಡೆಯನ್ನು ನೀರು ಕೊರೆದು ಸೊಂಡಿಲಿಟ್ಟ ಆನೆಮರಿಯಂಥ ಆಕೃತಿ ಮಾಡಿದೆ. ಆನೆಯನ್ನು ನಿತ್ಯ ಕಂಡು ಬೆಳೆಗೆ ಕಾವಲು ಕೂರುವ ನಮ್ಮ ಕೊಡಗು, ಹಾಸನದ ರೈತರಿಗೆ ಅದರಲ್ಲಿ ವಿಶೇಷ ಕಾಣಲಿಕ್ಕಿಲ್ಲ. ಕೊರಕಲಿನ ಆಚೆ ವೊಯೆ ಎಂಬ ಹುಲ್ಲಿನ ಬಯಲು ತೆರೆದುಕೊಳ್ಳುತ್ತದೆ.

ಬೆಟ್ಟದ ಮೇಲಿನ ಹಟ್ಟಿಗಳು

ಕಣಿವೆಯ ನೆಲ ಕಡಿಮೆ. ಅದರ ಹುಲ್ಲೆಲ್ಲ ಚಳಿಗಾಲಕ್ಕೆ ಬೇಕು. ಹಾಗಾದರೆ ಬೇಸಿಗೆಯಲ್ಲಿ ಹಸು ಏನು ತಿನ್ನಬೇಕು? ಇದಕ್ಕೆ ಬೋಹಿನ್ ರೈತರು ಕಂಡುಕೊಂಡ ಉತ್ತರ ‘ಪ್ಲಾನಿನಾ’. ಬೆಟ್ಟದ ಮೇಲೆ ಕಾಡಿನ ನಡುವಿನ, ಕಾಡಿಗೂ ಮೇಲಿನ ಹುಲ್ಲುಗಾವಲು ಅದು; ಮಲೆನಾಡಿನವರು ಬ್ಯಾಣ ಎನ್ನುವಂಥದು. ಜೂನ್ ಹೊತ್ತಿಗೆ ಹಿಮ ಕರಗಿ ಹುಲ್ಲು ಚಿಗುರಿದ ಹಾಗೆ ಹಸುಗಳನ್ನು ಮೊದಲು ಸಾವಿರ ಮೀಟರಿನ ಆಸುಪಾಸಿನ ಕೆಳ ಪ್ಲಾನಿನಾಗಳಿಗೆ ಹೊಡೆದುಕೊಂಡು ಹೋಗುತ್ತಾರೆ. ನಡುಬೇಸಿಗೆಯಲ್ಲಿ ಇನ್ನೂ ಮೇಲಕ್ಕೆ, 1,500 ಮೀಟರಿನ ಆಚೀಚೆಯ ಹಟ್ಟಿಗಳಿಗೆ. ಮೇಲಿನ ಹುಲ್ಲು ಮುಗಿದಾಗ ಮತ್ತೆ ಕೆಳಗಿನ ಹಟ್ಟಿ. ಅಷ್ಟರಲ್ಲಿ ಅಲ್ಲಿ ಮರುಚಿಗುರು ಬಂದಿರುತ್ತದೆ. ಸೆಪ್ಟೆಂಬರಿನಲ್ಲಿ ಊರಿಗೆ. ಹೀಗೆ ಹುಲ್ಲಿನ ಬೆನ್ನು ಹತ್ತಿ ಏರಿ, ಹುಲ್ಲಿನ ಬೆನ್ನು ಹತ್ತಿಯೇ ಇಳಿಯುವುದು.

ಹಟ್ಟಿಯಲ್ಲಿ ದನಗಾಹಿಗಳ ಗುಡಿಸಲುಗಳಿರುತ್ತವೆ. ಮರದ ತೊಲೆಗಳ ಗೋಡೆ, ಮರದ ಚಿಕ್ಕ ಹಲಗೆಗಳ ಹೊದಿಕೆ. ಕೆಳಗೆ ರಾಸುಗಳಿಗೆ ನೆರಳು, ಮೇಲಿನ ಅಂತಸ್ತಿನಲ್ಲಿ ಒಲೆ, ಮಂಚ. ವೋಗಾರ್, ಉಸ್ಕೋವ್ನಿತ್ಸಾ, ಲಾಜ್, ಕ್ರಸ್ತೆನಿತ್ಸಾ ಎಂದು ಒಂದೊಂದು ಹಟ್ಟಿಗೂ ಹೆಸರುಂಟು. ಹಳ್ಳಿಗೆ ಇಂತಿಂಥ ಹಟ್ಟಿ ಎಂಬ ಕಟ್ಟಳೆಯೂ ಉಂಟು.

ಇಲ್ಲಿ ಒಡೆತನದ ವಿಷಯ ಹೇಳಲೇಬೇಕು. ಪ್ಲಾನಿನಾ ಒಬ್ಬನ ಸ್ವತ್ತಲ್ಲ. ಹಳ್ಳಿಯ ಹಕ್ಕುದಾರ ಮನೆಗಳೆಲ್ಲ ಸೇರಿ ಅನುಭವಿಸುವ ಸಮಷ್ಟಿ ಆಸ್ತಿ. ಯಾವ ಮನೆಯವರು ಎಷ್ಟು ರಾಸು ಬಿಡಬಹುದು, ಬೇಲಿ, ದಾರಿ, ನೀರಿನ ತೊಟ್ಟಿಗಳ ಕೆಲಸಕ್ಕೆ ಯಾರು ಎಷ್ಟು ಆಳು ಕೊಡಬೇಕು ಎಂಬುದಕ್ಕೆಲ್ಲ ಸಮುದಾಯದ ನಿಯಮ. ಎರಡನೆಯ ಮಹಾಯುದ್ಧದ ನಂತರ ಬಂದ ಸಮಾಜವಾದಿ ಸರ್ಕಾರ ಈ ಭೂಮಿಯನ್ನೆಲ್ಲ ರಾಷ್ಟ್ರದ ಆಸ್ತಿಯೆಂದು ಸಾರಿ ಹಳೆಯ ಸಮುದಾಯಗಳನ್ನು ಬರಖಾಸ್ತು ಮಾಡಿತು. ದೇಶ ಸ್ವತಂತ್ರವಾದ ಮೇಲೆ 1994ರ ಕಾಯಿದೆಯೊಂದು ಈ ಸಮುದಾಯಗಳನ್ನು ಮತ್ತೆ ಸ್ಥಾಪಿಸಿ ಭೂಮಿ ಹಿಂದಕ್ಕೆ ಪಡೆಯಲು ದಾರಿ ಮಾಡಿತು. ಅಷ್ಟರಲ್ಲಿ ನಡುವೆ ಸುಮಾರು ಅರ್ಧ ಶತಮಾನ ಕಳೆದಿತ್ತು. ಹಕ್ಕು ವಾಪಸು ಬಂದಾಗ ಎಷ್ಟೋ ಮನೆಗಳಲ್ಲಿ ಹಸುವೇ ಇರಲಿಲ್ಲ. ಗೋಮಾಳದ ಕಥೆ ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಲು ಗಟ್ಟಿಯಾದ ಕಥೆ

ಬೆಟ್ಟದ ಮೇಲೆ ಕರೆದ ಹಾಲನ್ನು ದಿನವೂ ಊರಿಗೆ ಇಳಿಸುವುದು ಆಗದ ಮಾತು. ಹಿಂದೆ ಒಬ್ಬೊಬ್ಬ ದನಗಾಹಿಯೂ ತನ್ನಷ್ಟಕ್ಕೆ ಬೆಣ್ಣೆ ತೆಗೆದು, ಉಳಿದ ಹಾಲಿನಿಂದ ಮೊಸರುಗಡ್ಡೆಯಂಥದನ್ನು ಮಾಡಿಕೊಳ್ಳುತ್ತಿದ್ದ. ಅದು ಮನೆಬಳಕೆಗೆ ಆದೀತು. ಪೇಟೆಗೆ ಹೋಗುವ ಸರಕಲ್ಲ. 1873ರಲ್ಲಿ ಯಾನೆಜ್ ಮೆಸಾರ್ ಎಂಬ ಪಾದ್ರಿಯ ಪ್ರಯತ್ನದಿಂದ ಬೋಹಿನ್‌ನಲ್ಲಿ ಚೀಸ್ ತಯಾರಿಕೆಯ ಮೊದಲ ಸಹಕಾರ ಸಂಘ ಹುಟ್ಟಿತು. ಕೆಲಸ ಕಲಿಸಲು ಸ್ವಿಟ್ಜರ್ಲೆಂಡಿನಿಂದ ಥಾಮಸ್ ಹಿಟ್ಜ್ ಎಂಬ ಚೀಸ್ ಕಸುಬಿನವನನ್ನು ಕರೆಸಿದರು.

ಹಿಟ್ಜ್ ಕಲಿಸಿದ್ದು ಎಮೆಂಟಾಲ್ ಜಾತಿಯ ಗಟ್ಟಿ ಚೀಸ್. ತಾಮ್ರದ ದೊಡ್ಡ ಹಂಡೆಯಲ್ಲಿ ಹಾಲನ್ನು ಉಗುರುಬೆಚ್ಚಗೆ ಮಾಡಿ, ಎಳೆಗರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಗಡ್ಡೆ ಕಟ್ಟಿದ ಹಾಲನ್ನು ಕಾಳಿನ ಗಾತ್ರಕ್ಕೆ ಕತ್ತರಿಸಿ, ಕಲಕುತ್ತ ಮತ್ತೆ ಕಾಯಿಸಿ, ಬಟ್ಟೆಯಲ್ಲಿ ಎತ್ತಿ ಅಚ್ಚಿಗೆ ತುಂಬಿ ಭಾರ ಹೇರುತ್ತಾರೆ. ಬಳಿಕ ಉಪ್ಪುನೀರಿನಲ್ಲಿಟ್ಟು, ತಂಪಾದ ಕೋಣೆಯಲ್ಲಿ ತಿಂಗಳುಗಟ್ಟಲೆ ತಿರುಗಿಸುತ್ತ ಹಣ್ಣಾಗಿಸುತ್ತಾರೆ. ಉಳಿದ ತಿಳಿನೀರೂ ದಂಡವಲ್ಲ; ಕಾಯಿಸಿ ಅದರಿಂದ ಮೆದು ಗಿಣ್ಣು ತೆಗೆದು, ಮಿಕ್ಕದ್ದನ್ನು ಹಂದಿಗೆ ಹಾಕುತ್ತಾರೆ. ಒಂದು ಕಿಲೋ ಗಟ್ಟಿ ಚೀಸಿಗೆ ಹತ್ತು ಹನ್ನೆರಡು ಲೀಟರ್ ಹಾಲು ಬೇಕು. ಗಾಡಿಯ ಚಕ್ರದಂಥ ದೊಡ್ಡ ಅಚ್ಚು ತುಂಬಬೇಕಾದರೆ ನಾಲ್ಕು ಹಸುವಿನ ರೈತನಿಂದ ಆಗುವುದಿಲ್ಲ. ಎಲ್ಲರ ಹಾಲೂ ಒಂದೇ ಹಂಡೆಗೆ ಬೀಳಲೇಬೇಕು. ಅಲ್ಲಿ ಸಹಕಾರ ಎಂಬುದು ಭಾಷಣದಿಂದ ಬಂದದ್ದಲ್ಲ, ಹಂಡೆಯ ಗಾತ್ರದಿಂದ ಬಂದದ್ದು.

ಸ್ತಾರಾ ಫುಜಿನಾದ ಚೀಸ್ ಮನೆ ಕೆಲಸ ನಿಲ್ಲಿಸಿದ ಮೇಲೆ ಅದರಲ್ಲೇ 1971ರಲ್ಲಿ ಹೈನುಗಾರಿಕೆಯ ವಸ್ತುಸಂಗ್ರಹಾಲಯ ತೆರೆದರು. ತಾಮ್ರದ ಹಂಡೆ, ಬೆಣ್ಣೆಯ ಅಚ್ಚು, ದನಗಾಹಿಯ ಕೆತ್ತನೆಯ ಕೋಲು, ಬೆಟ್ಟದಿಂದ ಇಳಿಸಲು ಬಳಸುತ್ತಿದ್ದ ಜಾರುಬಂಡಿ ಎಲ್ಲವೂ ಅಲ್ಲಿವೆ. ಬೋಹಿನ್‌ಗೇ ವಿಶಿಷ್ಟವಾದ ಇನ್ನೊಂದು ಚೀಸ್ ಮೊಹಾಂತ್. ಮೆದು, ಹಳದಿ ಛಾಯೆ, ವಾಸನೆ ಬಲು ಘಾಟು. ಮೂಗು ಮುಚ್ಚಿಕೊಂಡು ಬಾಯಿ ತೆರೆಯಬೇಕಾದ ತಿಂಡಿ ಎನ್ನೋಣ. 2013ರಲ್ಲಿ ಯುರೋಪಿಯನ್ ಒಕ್ಕೂಟ ಇದಕ್ಕೆ ಮೂಲಸ್ಥಳದ ರಕ್ಷಣೆ ಕೊಟ್ಟಿತು. ಅಂದರೆ ಬೇರೆ ಕಡೆ ಮಾಡಿದ್ದಕ್ಕೆ ಆ ಹೆಸರು ಹಚ್ಚುವಂತಿಲ್ಲ.

ಹುಲ್ಲುಗಾವಲು ಕಾಡಾದಾಗ

ಯುದ್ಧದ ನಂತರದ ದಶಕಗಳಲ್ಲಿ ಹುಡುಗರು ಬೆಟ್ಟ ಬಿಟ್ಟರು. ಹತ್ತಿರದ ಯೆಸೆನಿತ್ಸೆಯಲ್ಲಿ ಉಕ್ಕಿನ ಕಾರ್ಖಾನೆಯಿತ್ತು, ತಿಂಗಳ ಸಂಬಳವಿತ್ತು. ಬೇಸಿಗೆಯಿಡೀ ಗುಡಿಸಲಿನಲ್ಲಿದ್ದು ದಿನಕ್ಕೆರಡು ಬಾರಿ ಹಾಲು ಕರೆಯುವ ಕೆಲಸಕ್ಕೆ ಆಳು ಸಿಗಲಿಲ್ಲ. ಒಂದೊಂದೇ ಹಟ್ಟಿ ಖಾಲಿಯಾಯಿತು. ಹಸು ಮೇಯದ ಹುಲ್ಲುಗಾವಲಿನಲ್ಲಿ ಮೊದಲು ಒರಟು ಹುಲ್ಲು, ಬಳಿಕ ಪೊದೆ, ಆಮೇಲೆ ಸ್ಪ್ರೂಸ್ ಸಸಿ. ಒಂದು ತಲೆಮಾರು ಕಳೆಯುವುದರೊಳಗೆ ಕಾಡು. ನಮ್ಮಲ್ಲಿ ಕಾಡು ಹೋಗುತ್ತಿದೆ ಎಂಬ ಕೂಗು. ಅಲ್ಲಿ ಬಯಲು ಹೋಗುತ್ತಿದೆ ಎಂಬ ಕೂಗು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈಗಿನ ಸ್ಲೊವೇನಿಯದ ಮೂರನೆಯ ಒಂದಂಶಕ್ಕಿಂತ ತುಸು ಹೆಚ್ಚು ನೆಲ ಕಾಡಾಗಿತ್ತು. ಈಗ ಶೇಕಡ 58ರಷ್ಟು.

ತಳಿಯ ಗತಿಯೂ ಅದೇ ಆಯಿತು. ಬೋಹಿನ್ ಹಸುವಿನ ಹೆಸರು ತ್ಸಿಕಾ. ಕೆಂಗಂದು ಮೈ, ಬೆನ್ನಿನುದ್ದಕ್ಕೆ ಬಿಳಿ ಪಟ್ಟೆ. ಗಾತ್ರದಲ್ಲಿ ಚಿಕ್ಕದು, ಹಾಲೂ ಮಿತವೇ. ಆದರೆ ಕಡಿದಾದ ಇಳಿಜಾರಿನಲ್ಲಿ ಜಾರದೆ ಮೇಯುವ ಗಟ್ಟಿ ಕಾಲು, ಒರಟು ಹುಲ್ಲನ್ನೂ ಅರಗಿಸಿಕೊಳ್ಳುವ ಹೊಟ್ಟೆ ಅದರದು. ನಮ್ಮ ಮಲೆನಾಡು ಗಿಡ್ಡವನ್ನು ಬಲ್ಲವರು ಈ ಗುಣವನ್ನು ಕೂಡಲೇ ಗುರುತಿಸಿಯಾರು. ಹೆಚ್ಚು ಹಾಲಿನ ಆಸೆಗೆ ದೊಡ್ಡ ತಳಿಗಳು ಬಂದವು. ತ್ಸಿಕಾ ಅಳಿವಿನ ಅಂಚಿಗೆ ಹೋಯಿತು. ಸ್ಲೊವೇನಿಯದ ಏಕೈಕ ಸ್ಥಳೀಯ ದನದ ತಳಿ ಇದೆಂದು 1990ರ ದಶಕದಿಂದ ಸರ್ಕಾರ ರಕ್ಷಣೆಗೆ ನಿಂತ ಮೇಲೆ ಸಂಖ್ಯೆ ಚೇತರಿಸಿಕೊಂಡಿದೆ.

2004ರಲ್ಲಿ ಸ್ಲೊವೇನಿಯ ಯುರೋಪಿಯನ್ ಒಕ್ಕೂಟ ಸೇರಿತು. ಆಮೇಲೆ ಒಕ್ಕೂಟದ ಕೃಷಿ ನೀತಿಯಂತೆ ಬೆಟ್ಟದ ರೈತನಿಗೆ, ಪ್ಲಾನಿನಾಗೆ ರಾಸು ಬಿಡುವವನಿಗೆ, ಸ್ಥಳೀಯ ತಳಿ ಸಾಕುವವನಿಗೆ ಸಹಾಯಧನ ಬರುತ್ತದೆ. ಬರೀ ಹಾಲಿನ ಬೆಲೆಯ ಮೇಲೆ ನಿಂತಿದ್ದರೆ ಇಂದು ಎಷ್ಟು ಹಟ್ಟಿಗಳಲ್ಲಿ ಗಂಟೆಯ ಸದ್ದು ಕೇಳುತ್ತಿತ್ತೋ! ಲಾಜ್, ಕ್ರಸ್ತೆನಿತ್ಸಾದಂಥ ಕೆಲವು ಹಟ್ಟಿಗಳಲ್ಲಿ ಚೀಸ್ ಮಾಡುವುದು ನಿಂತಿಲ್ಲ. ಬೆಟ್ಟ ಹತ್ತಿ ಬಂದ ನಡಿಗೆಯವನು ಅಲ್ಲಿಯೇ ಕೂತು ಮಜ್ಜಿಗೆ, ಚೀಸು ತಿಂದು, ಅಲ್ಲಿಯೇ ಹಣ ಕೊಟ್ಟು ಹೋಗುತ್ತಾನೆ. ನಡುವೆ ದಲ್ಲಾಳಿಯಿಲ್ಲ, ಸಾಗಣೆ ಖರ್ಚಿಲ್ಲ.

ಅತಿಥಿ ಬಂದರೆ ಲಾಭವೂ ಉಂಟು, ಉಪದ್ರವವೂ ಉಂಟು

ಬೋಹಿನ್‌ಗೆ ಅತಿಥಿಗಳು ಹೊಸಬರಲ್ಲ. 1906ರಲ್ಲಿ ಬೆಟ್ಟದಡಿ 6,327 ಮೀಟರ್ ಉದ್ದದ ಸುರಂಗ ಕೊರೆದು ಯೆಸೆನಿತ್ಸೆಯಿಂದ ಟ್ರಿಯೆಸ್ಟ್ ಬಂದರಿನ ಕಡೆಗೆ ರೈಲು ಹಾಕಿದರು. ಅದನ್ನು ಉದ್ಘಾಟಿಸಿದವನು ಆಸ್ಟ್ರಿಯದ ಯುವರಾಜ ಫ್ರಾಂಜ್ ಫರ್ಡಿನೆಂಡ್. 1914ರಲ್ಲಿ ಅವನ ಕೊಲೆಯೇ ಮೊದಲ ಮಹಾಯುದ್ಧಕ್ಕೆ ಕಿಡಿಯಾಯಿತು. ಸುರಂಗದ ಬಾಯಲ್ಲಿರುವ ಬೋಹಿನ್ಸ್ಕಾ ಬಿಸ್ತ್ರಿತ್ಸಾ ನಿಲ್ದಾಣದಲ್ಲಿ ಇಳಿದರೆ ಸರೋವರಕ್ಕೆ ಆರು ಕಿಲೋಮೀಟರು.

ಇಂದು ಎಷ್ಟೋ ರೈತರು ಮನೆಯ ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಾರೆ. ಬೆಳಗಿನ ತಿಂಡಿಗೆ ಮನೆಯ ಹಾಲು, ಬೆಣ್ಣೆ, ಮೊಟ್ಟೆ. ಪ್ರತಿ ರಾತ್ರಿಗೆ ತಲೆಗಿಷ್ಟು ಎಂದು ಪ್ರವಾಸಿ ತೆರಿಗೆ ಪುರಸಭೆಗೆ ಹೋಗುತ್ತದೆ. ಸೀಮೆಯ ಚೀಸು, ಜೇನುಗಳಿಗೆ ‘ಬೋಹಿನ್‌ನದು’ ಎಂಬ ಗುಣಮುದ್ರೆ ಹಾಕಿ ಮಾರುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. 2007ರಿಂದ ಬೇಸಿಗೆಯ ಆರಂಭದಲ್ಲಿ ಕಾಡುಹೂಗಳ ಉತ್ಸವವೂ ನಡೆಯುತ್ತಿದೆ. ಈ ಹೂಗಳು ಅರಳುವುದು ತೋಟದಲ್ಲಲ್ಲ, ಹುಲ್ಲಿನ ಹೊಲದಲ್ಲಿ. ರಾಸಾಯನಿಕ ಗೊಬ್ಬರ ಸುರಿದು ವರ್ಷಕ್ಕೆ ನಾಲ್ಕು ಕೊಯ್ಲು ತೆಗೆಯುವ ಹೊಲದಲ್ಲಿ ಹೂ ಉಳಿಯುವುದಿಲ್ಲ. ಹುಲ್ಲೇ ಎಲ್ಲವನ್ನೂ ನುಂಗುತ್ತದೆ. ಹೂ ಬಿಟ್ಟು ಬೀಜ ಉದುರಿದ ಮೇಲೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಕೊಯ್ದರೆ ಅವು ನಿಲ್ಲುತ್ತವೆ. ಕೊಯ್ಯುವುದನ್ನೇ ಬಿಟ್ಟರೂ ಹೋಗುತ್ತವೆ, ಏಕೆಂದರೆ ಆಗ ಪೊದೆ ಬರುತ್ತದೆ. ಟ್ರಾಕ್ಟರು ನಿಲ್ಲದ ಇಳಿಜಾರುಗಳಲ್ಲಿ ಇದಕ್ಕಾಗಿ ಉದ್ದ ಹಿಡಿಯ ಕುಡುಗೋಲು ಬೀಸಲೇಬೇಕು. ಫೋಟೊದಲ್ಲಿ ಹೂವಿನ ಹಿಂದೆ ಈ ಬೆವರು ಕಾಣುವುದಿಲ್ಲ.

ತೊಂದರೆಗಳಿಗೂ ಕೊರತೆಯಿಲ್ಲ. ಜುಲೈ, ಆಗಸ್ಟಿನಲ್ಲಿ ಕಾರುಗಳು ಕಣಿವೆಯನ್ನು ತುಂಬಿಬಿಡುತ್ತವೆ. ಆದ್ದರಿಂದ ಕಾರನ್ನು ದೂರದಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ಸರೋವರಕ್ಕೆ ಕರೆದೊಯ್ಯುವ ಏರ್ಪಾಟು ಮಾಡಿದ್ದಾರೆ. ಎತ್ತರಕ್ಕೆ ಬೆಳೆದು ಕೊಯ್ಲಿಗೆ ಬಂದ ಹುಲ್ಲು ಪೇಟೆಯವನ ಕಣ್ಣಿಗೆ ಬೀಳು ನೆಲ. ಅದರ ಮೇಲೆ ಕಂಬಳಿ ಹಾಸಿ ಊಟಕ್ಕೆ ಕೂತರೆ ತುಳಿದ ಹುಲ್ಲು ಮತ್ತೆ ಎದ್ದು ನಿಲ್ಲುವುದಿಲ್ಲ, ಕುಡುಗೋಲಿಗೂ ಸಿಗುವುದಿಲ್ಲ. ಹಟ್ಟಿಯ ಬೇಲಿಬಾಗಿಲು ತೆರೆದಿಟ್ಟು ಹೋದರೆ ಹಸು ಹುಡುಕಲು ದನಗಾಹಿಗೆ ಅರ್ಧ ದಿನ. ಇದಕ್ಕಿಂತ ದೊಡ್ಡ ಪೆಟ್ಟು ನೆಲದ ಬೆಲೆಯದು. ಪೇಟೆಯ ಹಣವಂತರು ರಜೆಯ ಮನೆಗಾಗಿ ಜಾಗ ಕೊಳ್ಳುತ್ತಾರೆ. ಉಸ್ಕೋವ್ನಿತ್ಸಾದಂಥ ಹಟ್ಟಿಗಳಲ್ಲಿ ದನಗಾಹಿಗಳ ಗುಡಿಸಲುಗಳೇ ಬಾಡಿಗೆಯ ಬಿಡಾರಗಳಾಗಿವೆ. ಗುಡಿಸಲು ಕೊಟ್ಟು ಬಾಡಿಗೆ ತೆಗೆದುಕೊಳ್ಳುವುದು ಹಸು ಸಾಕುವುದಕ್ಕಿಂತ ಸುಲಭ. ಆದರೆ ಆ ಗುಡಿಸಲಿನ ಮುಂದಿನ ಬಯಲನ್ನು ಬಯಲಾಗಿ ಇಡುವುದು ಬಾಡಿಗೆಗೆ ಬಂದವನ ಕೈಲಿಲ್ಲ. ಕೊಡಗಿನಲ್ಲಿ, ಚಿಕ್ಕಮಗಳೂರಿನ ಕಡೆ ಅತಿಥಿಗಳಿಗೆ ಮನೆ ಕೊಡುತ್ತಿರುವ ನಮ್ಮ ಬೆಳೆಗಾರರು ಈ ಮಾತನ್ನು ತಮ್ಮ ಲೆಕ್ಕದ ಪುಸ್ತಕದೊಡನೆ ಹೋಲಿಸಿ ನೋಡಬಹುದು.

ಹಸುಗಳು ಇಳಿದು ಬರುವ ದಿನ

ನಡೆಯಲು ಹೋಗುವವರಿಗೆ ಹೂ ಬೇಕಾದರೆ ಮೇ ಕೊನೆ ಮತ್ತು ಜೂನ್, ಹಟ್ಟಿಗಳಲ್ಲಿ ಹಸು ನೋಡಬೇಕಾದರೆ ಜುಲೈ, ಆಗಸ್ಟ್ ತಕ್ಕ ಕಾಲ. ರಾಜಧಾನಿ ಲ್ಯುಬ್ಲಿಯಾನಾದಿಂದ ಬಸ್ಸಿನಲ್ಲಿ ಎರಡು ಗಂಟೆಯ ಹಾದಿ. ಗಟ್ಟಿ ಅಟ್ಟೆಯ ಬೂಟು, ಮಳೆಯಂಗಿ ಯಾವ ತಿಂಗಳಲ್ಲೂ ಬೇಕು. ಜನಜಂಗುಳಿ ಬೇಡವೆನ್ನುವವರು ಸೆಪ್ಟೆಂಬರ್ ಆರಿಸಿಕೊಳ್ಳುತ್ತಾರೆ. ಆದರೆ ಆ ತಿಂಗಳ ನಡುವಿನ ಒಂದು ಭಾನುವಾರ ಮಾತ್ರ ಉಕಾಂಟ್ಸ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಅಂದು ಹಸುಗಳ ಹಬ್ಬ. ‘ಕ್ರಾವ್ಯಿ ಬಾಲ್’ ಎನ್ನುತ್ತಾರೆ. ಬೇಸಿಗೆಯಿಡೀ ಬೆಟ್ಟದಲ್ಲಿದ್ದ ಹಸುಗಳಿಗೆ ಕೊಂಬಿನ ನಡುವೆ ಹೂವಿನ ಕಿರೀಟ, ಕೊರಳಿಗೆ ದೊಡ್ಡ ಗಂಟೆ ಕಟ್ಟಿ ಮೆರವಣಿಗೆಯಲ್ಲಿ ಇಳಿಸುತ್ತಾರೆ. ಹೋರಿಗಳಿಗೆ ಬಣ್ಣ ಹಚ್ಚಿ ಕಿಚ್ಚು ಹಾಯಿಸುವ ನಮ್ಮ ಸಂಕ್ರಾಂತಿಯನ್ನು ಕಂಡವರಿಗೆ ಇದು ತೀರ ಹೊಸದೇನಲ್ಲ. ದನಗಾಹಿಗಳು ತಮ್ಮ ಹಂಡೆ, ಕೋಲು, ಸಾಮಾನು ಹೊತ್ತು ಜೊತೆಗೆ ನಡೆಯುತ್ತಾರೆ. ವಾದ್ಯ, ಕುಣಿತ, ಊಟ, ಚೀಸಿನ ಮಾರಾಟ ಸಂಜೆಯವರೆಗೆ. ಮರುದಿನದಿಂದ ಹಸುಗಳು ಕಣಿವೆಯ ಕೊಯ್ದ ಹೊಲಗಳಲ್ಲಿ ಕೂಳೆ ಹುಲ್ಲು ಮೇಯುತ್ತವೆ. ಹಿಮ ಬೀಳುತ್ತಲೇ ಕೊಟ್ಟಿಗೆ ಸೇರುತ್ತವೆ. ಆಗ ರೈತ ಅಟ್ಟದಿಂದ ಹುಲ್ಲು ಇಳಿಸಲು ಆರಂಭಿಸುತ್ತಾನೆ. ಅದು ಏಪ್ರಿಲ್‌ವರೆಗೆ ಬರಬೇಕು.